ಒಂದು ಬಿಟ್ಟು ಒಂದು

"ನಿನ್ನನ್ನ ಕರ್ಕೊಂಡು ಬಂದಿರೋದು ಟೇಪ್ ಹಿಡಿಯೋಕೆ ಕಣೋ, ತಲೆ ಓಡ್ಸೋಕಲ್ಲ. ತಲೆ ಅಂತ ಒಂದಿದ್ದಿದ್ರೆ ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಶರಣು ಹೊಡೀತಿರ್ಲಿಲ್ಲ."

ಇಂಜಿನಿಯರ್ ರಮಾಕಾಂತ್ ಇದನ್ನು ಸೆವೆರಿನ್‌ನನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ. ಜಮೀನಿನ ಯಜಮಾನ ವಿಲಿಯಂ ಅಂಕಲ್ ಎದುರಿಗೇ ಇದ್ದರು. ಆಫೀಸಿನ ಪ್ರಣತಿ ಕ್ಯಾಮೆರಾ ಹಿಡಿದು ನಿಂತಿದ್ದಳು. ಬೇಲಿಯಾಚೆ ಪಕ್ಕದ ಜಮೀನಿನ ಇಬ್ಬರು ಬಿಳಿಯರು ಮುರಿದ ಕಂಬ ಕೀಳುತ್ತಿದ್ದರು. ಅವರಿಗೆ ಕನ್ನಡ ಬಾರದಿದ್ದರೇನು, ಯಾರು ಯಾರನ್ನು ಬೈದರು ಎಂದು ತಿಳಿಯಲು ಭಾಷೆ ಬೇಕೆ? ಇಬ್ಬರೂ ತಮ್ಮ ಬೂಟು ನೋಡಿಕೊಂಡರು.

ಸೆವೆರಿನ್ ಆಡಿದ್ದಾದರೂ ಏನು? ಗಾಳಿ ನೇರಕ್ಕೆ ಬೀಸಿದ್ದು ಎಂದು ಇಂಜಿನಿಯರ್ ಬರೆಸುತ್ತಿದ್ದಾಗ ಇವನು ಬಾಯಿ ಹಾಕಿದ್ದ. ತೋಡಿನ ಈಚೆಯ ನೀಲಗಿರಿ ಮರಗಳು ದಕ್ಷಿಣಕ್ಕೆ ತಲೆಯಿಟ್ಟು ಬಿದ್ದಿವೆ, ಆಚೆಯವು ಉತ್ತರಕ್ಕೆ; ಇದು ತಿರುಗಿದ ಗಾಳಿ ಸಾರ್, ಸುಂಟರಗಾಳಿ, ಅಂದಿದ್ದ. ಅಷ್ಟೇ.

ಎರಡು ಸಾವಿರದ ಹದಿನಾರರ ಸೆಪ್ಟೆಂಬರ್ ಕೊನೆಯಲ್ಲಿ ಇಡೀ ರಾಜ್ಯದ ಕರೆಂಟನ್ನು ಹೊತ್ತೊಯ್ದ ಬಿರುಗಾಳಿ ಅದು. ಅಡಿಲೇಡಿನಿಂದ ಉತ್ತರಕ್ಕೆ ಎರಡು ಗಂಟೆ ದೂರದ ಗೋಧಿ ಸೀಮೆಯಲ್ಲಿ, ಐದು ದಿನ ಕಳೆದ ಮೇಲೆ, ಈ ಮೂವರು ಹಾನಿಯ ಸರ್ವೆಗೆ ಬಂದಿದ್ದರು. ಗಾಳಿಯನ್ನು ಹಿಡಿದು ತೂಗಿದವರು ಯಾರೂ ಇಲ್ಲ. ಅದು ಹೋದ ದಾರಿಯಲ್ಲಿ ತಾವೂ ನಡೆದು, ಮುರಿದದ್ದು ಏನು, ಮುರಿಯುವ ಮೊದಲು ಅದು ಎಷ್ಟು ಗಟ್ಟಿಯಿತ್ತು ಎಂದು ನೋಡಿ, ಗಾಳಿಯ ಬಲ ಹೇಳಬೇಕು. ರಮಾಕಾಂತ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಬಂದವರು. ಸೆವೆರಿನ್ ಶಿರ್ವದವನು, ಅಪ್ಪನ ಹಿಂದೆ ಮಸ್ಕತ್ತಿಗೆ ಹೋಗಿ, ಅಲ್ಲಿಂದ ಅಡಿಲೇಡಿಗೆ ಬಂದು, ಹದಿನೇಳಕ್ಕೇ ಚಾವಣಿಗೆ, ಅವರ ಊರ ಮಾತಲ್ಲಿ ಮಾಡಿಗೆ, ತಗಡು ಹೊಡೆಯುವ ಕೆಲಸಕ್ಕೆ ಏರಿದವನು; ಈಗ ಸರ್ವೆಯಲ್ಲಿ ಸಹಾಯಕ. ಮೂಗಿನ ತುದಿಯಲ್ಲೇ ಸಿಟ್ಟು.

ಟೇಪನ್ನು ನೆಲಕ್ಕೆ ಅಪ್ಪಳಿಸಿ ಎರಡು ಮಾತು ತಿರುಗಿಸಿ ಕೊಡೋಣವೆಂದು ಅವನು ಕೈ ಎತ್ತಿಯೂ ಇದ್ದ. ಅಷ್ಟರಲ್ಲಿ ವಿಲಿಯಂ ಅಂಕಲ್ ಅಡ್ಡ ಬಂದರು. ಅವರೂ ಸೆವೆರಿನ್ನೂ ತಮ್ಮೊಳಗೆ ಕೊಂಕಣಿಯಲ್ಲೇ ಮಾತಾಡುವವರು; ಇಂಜಿನಿಯರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದರು.

"ಹಾಗೆಲ್ಲ ಹೇಳ್ಬೇಡಿ ಇಂಜಿನಿಯರೇ. ಈ ಶೆಡ್ಡಿನ ಮಾಡು ಹಾಕಿದ್ದು ಇವನೇ. ಒಂದು ಸ್ಕ್ರೂ ಸಹ ಬಿಟ್ಟವನಲ್ಲ ನಮ್ಮ ಹುಡುಗ."

ಸೆವೆರಿನ್ ಕೈ ಇಳಿಸಿದ. ಸಿಟ್ಟು ಇಳಿಯಿತೆಂದಲ್ಲ, ಅದು ಹೋಗಿ ನಿಲ್ಲಲು ಜಾಗವಿರಲಿಲ್ಲ.

ಈಗ ಆ ಶೆಡ್ಡಿಗೆ ಮಾಡೇ ಇಲ್ಲ. ಹುಲ್ಲಿನ ಪೆಂಡಿಗಳು ಆಕಾಶ ನೋಡುತ್ತ ಕೂತಿದ್ದವು. ಬಿರುಗಾಳಿಯ ಮಧ್ಯಾಹ್ನ ಕೋಳಿಗಳಿಗೆ ಕಾಳು ತರಲು ಒಳಗೆ ಹೋದ ಅಂಕಲ್‌ರ ಹೆಂಡತಿ ಜಾಯ್ಲಿನ್ ಆಂಟಿಯ ಮೇಲೆ ತಗಡಿನ ಜೊತೆ ಕಿತ್ತು ಬಂದ ತೊಲೆ ಬಿದ್ದಿತ್ತು. ಸೊಂಟದ ಮೂಳೆ ಎರಡು ಕಡೆ ಮುರಿದಿದೆ. ಎದ್ದು ನಡೆಯುವುದು ದೇವರಿಗೆ ಬಿಟ್ಟದ್ದು ಎಂದು ಡಾಕ್ಟರ್ ಬಾಯಲ್ಲಿ ಹೇಳದೆ ಹೇಳಿದ್ದರು.

ಬೆಳಿಗ್ಗೆ ಕಾರಿನಲ್ಲಿ ಪ್ರಣತಿ ವಿಳಾಸ ಓದಿದಾಗಲೇ ಸೆವೆರಿನ್‌ಗೆ ಅದು ಯಾವ ಶೆಡ್ಡೆಂದು ಗೊತ್ತಾಗಿತ್ತು. ಜ್ವರವೆಂದು ನೆಪ ಹೇಳಿ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯ ತನ್ನ ಕೋಣೆಗೆ ಮರಳಬಹುದಿತ್ತು. ಮರಳಲಿಲ್ಲ. ತಾನು ಬಾರದಿದ್ದರೆ ಸ್ಕ್ರೂಗಳನ್ನು ಇನ್ನೊಬ್ಬ ಎಣಿಸುತ್ತಾನೆ.

ಮೂರು ವರ್ಷದ ಹಿಂದೆ, ಫೆಬ್ರವರಿ ತಿಂಗಳು, ನಲವತ್ಮೂರು ಡಿಗ್ರಿ ಬಿಸಿಲು. ಈ ಮಾಡಿನಲ್ಲಿ ಪಶ್ಚಿಮದ ಇಳಿಜಾರಿನ ಅಂಚು ಮಾತ್ರ ಬಾಕಿಯಿತ್ತು. ಅಂಚಿನಲ್ಲಿ ತಗಡಿನ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಬೀಳಬೇಕು, ಗಾಳಿ ಉಗುರು ಹಾಕುವುದೇ ಅಲ್ಲಿ. ತಗಡು ಕೂರಲಿ ಎಂದು ಸೆವೆರಿನ್ ಮೊದಲು ಒಂದು ಬಿಟ್ಟು ಒಂದು ಉಬ್ಬಿಗೆ ಹೊಡೆದಿದ್ದ, ಆಮೇಲೆ ನಡುವಿನವನ್ನು ತುಂಬುವುದು ಅವನ ರೂಢಿ. ಅಷ್ಟರಲ್ಲಿ ಕಂತ್ರಾಟುದಾರ ಕೆಳಗಿನಿಂದ, ಎಲ್ಲ ಕೆಲಸದವರಿಗೂ ಕೇಳುವಂತೆ, ಮಂಗ ಎಂದು ಕೂಗಿದ. ಸೆವೆರಿನ್ ಡ್ರಿಲ್ಲನ್ನು ಅಲ್ಲಿಂದಲೇ ಎಸೆದು, ಇಳಿದು, ಕಾರು ಹತ್ತಿ ಹೊರಟುಬಿಟ್ಟ. ಶನಿವಾರ ಬಂದು ಅಂಕಲ್‌ಗಾಗಿಯಾದರೂ ಮುಗಿಸಿಕೊಡುತ್ತೇನೆ ಎಂದುಕೊಂಡಿದ್ದ. ಕಂತ್ರಾಟುದಾರ ಕೆಳಗಿನಿಂದ ನೋಡಿ ಮುಗಿಯಿತೆಂದ. ಆ ಶನಿವಾರ ಬರಲೇ ಇಲ್ಲ.

ಬಂದದ್ದು ಎರಡು ವಾರ ಬಿಟ್ಟು ಒಂದು ಭಾನುವಾರ. ಅಂಕಲ್ ಪಾದ್ರಿಯನ್ನು ಕರೆಸಿ ಶೆಡ್ಡಿಗೆ ತೀರ್ಥ ಹಾಕಿಸಿದ್ದರು. ಇಡ್ಲಿಯಂಥ ಸನ್ನಣ, ಹಂದಿಮಾಂಸ, ಮೂವತ್ತು ಜನ. ಮಾಡು ಏರಿಸಿದ ಬಡಗಿಯನ್ನು ಬಟ್ಟೆ ಕೊಟ್ಟು ಕಳಿಸುವುದು ಅವರ ಅಪ್ಪನ ಕಾಲದ ಕ್ರಮವಂತೆ. ಸೆವೆರಿನ್‌ನನ್ನು ಎಲ್ಲರ ನಡುವೆ ಕರೆದು ನೀಲಿ ಚೌಕಳಿಯ ಅಂಗಿ ಕೊಟ್ಟು, ಈ ಹುಡುಗನ ಕೈ ಬಂಗಾರದ ಕೈ ಎಂದರು. ಜನ ಚಪ್ಪಾಳೆ ತಟ್ಟಿದರು. ಅಂಕಲ್, ಅಂಚಿನ ಕೆಲಸ ಸ್ವಲ್ಪ ಬಾಕಿ ಉಂಟು ಎನ್ನಬೇಕಿತ್ತು ಸೆವೆರಿನ್, ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಟ್ಟಿದಾಗಿನಿಂದ ನಾಲ್ಕು ಜನರೆದುರು ಬೈಗುಳ ತಿಂದವನೇ ಹೊರತು ಹೊಗಳಿಕೆ ಕೇಳಿದವನಲ್ಲ ಅವನು. ಅಂಗಿ ತೆಗೆದುಕೊಂಡ. ಮಾತು ನುಂಗಿದ.

ಈಗ ರಮಾಕಾಂತ್ ಅವನನ್ನು ಹಾರಿಹೋದ ತಗಡುಗಳನ್ನು ಹುಡುಕಲು ಅಟ್ಟಿದರು. ಗೋಧಿಯಲ್ಲಿ ಮುನ್ನೂರು ಮೀಟರ್ ನಡೆದ ಮೇಲೆ ತಂತಿಬೇಲಿಗೆ ಸುತ್ತಿಕೊಂಡ ಒಂದು ಶೀಟು ಸಿಕ್ಕಿತು. ಕಾಲಿಟ್ಟು ಬಿಡಿಸಿದ. ಪಶ್ಚಿಮದ ಅಂಚಿನದೇ. ತೂತು, ಬೋಳು, ತೂತು, ಬೋಳು. ಬೋಳು ಉಬ್ಬುಗಳ ಮೇಲೆ ಒಂದು ಗೀರೂ ಇರಲಿಲ್ಲ. ಬೆರಳಿನಿಂದ ಸವರಿ ಸವರಿ ನೋಡಿದ, ಸವರಿದರೆ ತೂತು ಹುಟ್ಟುತ್ತದೆ ಎಂಬಂತೆ.

ಹಿಂದೆ ತಿರುಗಿ ನೋಡಿದ. ಯಾರೂ ಹತ್ತಿರವಿರಲಿಲ್ಲ. ಅಂಚು ಒಳಗೆ ಹೋಗುವಂತೆ ಶೀಟನ್ನು ಮಡಚಿ, ಬೂಟಿನಿಂದ ಮೆಟ್ಟಿ ಮೆಟ್ಟಿ ಚಪ್ಪಟೆ ಮಾಡಿ, ತೋಡಿಗೆ ಎಳೆದು ಮುರಿದ ಕೊಂಬೆಗಳ ಅಡಿಗೆ ತಳ್ಳಿದ. ಇಷ್ಟು ಅಚ್ಚುಕಟ್ಟಿನ ಕೆಲಸವನ್ನು ಅವನ ಕೈ ಆ ಮಾಡಿನ ಮೇಲೂ ಮಾಡಿರಲಿಲ್ಲ.

ಮರಳಿ ಬಂದಾಗ ರಮಾಕಾಂತ್ ಬೇರೆಯೇ ಮನುಷ್ಯ. ದಿಕ್ಸೂಚಿ ಹಿಡಿದು ತೋಡಿನ ಎರಡು ಕಡೆಯ ಮರಗಳನ್ನೂ ತಾವೇ ನೋಡಿ ಬಂದಿದ್ದರು.

"ನೀನ್ ಹೇಳಿದ್ದೇ ಸರಿ ಕಣೋ. ತಿರುಗಿದ ಗಾಳಿನೇ. ನಾನು ದುಡುಕಿಬಿಟ್ಟೆ," ಎಂದರು. ಅದೂ ಎಲ್ಲರೆದುರೇ.

ಬೆಳಿಗ್ಗೆ ಕೇಳಿದ್ದರೆ ಈ ಮಾತು ಅವನಿಗೆ ವರ್ಷವಿಡೀ ಸಾಕಾಗುತ್ತಿತ್ತು.

ಶೀಟು ಸಿಕ್ಕಿತಾ ಎಂದು ಕೇಳಿದರು. ಸಿಗಲಿಲ್ಲ ಸಾರ್ ಎಂದ. ಆಗ ರಮಾಕಾಂತ್ ಪಶ್ಚಿಮದ ದೊಡ್ಡ ಬಾಗಿಲು ತೋರಿಸಿದರು. ಗಾಳಿ ಬಂದಾಗ ಅದು ತೆರೆದಿತ್ತು. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಮಾಡನ್ನು ಒಳಗಿನಿಂದ ಎತ್ತಿರಬೇಕು. ಹಾಗೆಂದು ಬರೆಯುವ ಮೊದಲು ಒಂದು ವಿಷಯ ಖಚಿತವಾಗಬೇಕು.

"ನೀನೇ ಹಾಕಿದ ಮಾಡು. ಅಂಚಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ ಇತ್ತು ತಾನೆ?"

ಸೆವೆರಿನ್ ಬಾಯಿ ತೆರೆಯುವ ಮೊದಲೇ ವಿಲಿಯಂ ಅಂಕಲ್ ಇತ್ತು, ಇತ್ತು ಎಂದರು, ಇವನ ಕೆಲಸ ನಂಗೆ ಗೊತ್ತಿಲ್ವಾ ಎಂದರು. ಪ್ರಣತಿ ಬರೆದುಕೊಂಡಳು: ಬಾಗಿಲು ತೆರೆದಿದ್ದದ್ದೇ ಕಾರಣ.

ಅವಳ ಪೆನ್ನು ನಿಲ್ಲುವವರೆಗೆ ಅಂಕಲ್ ಅದನ್ನೇ ನೋಡುತ್ತಿದ್ದರು. ಆಮೇಲೆ ಸೆವೆರಿನ್‌ನ ಕಡೆ ತಿರುಗಿದರು. ಬಾಗಿಲು ಎಳೆಯದೆ ಪೇಟೆಗೆ ಹೋದವರು ಅವರೇ. ಹತ್ತು ನಿಮಿಷದಲ್ಲಿ ಬರುತ್ತೇನಲ್ಲ ಎಂಬ ಸಸಾರ. ಐದು ದಿನದಿಂದ ಆಸ್ಪತ್ರೆಗೆ ಹೋಗುತ್ತಾರೆ, ವಾರ್ಡಿನ ಹೊರಗೆ ಬೆಂಚಿನಲ್ಲಿ ಕೂರುತ್ತಾರೆ, ಮೊದಲ ದಿನ ಬಿಟ್ಟರೆ ಹೆಂಡತಿ ನಿದ್ದೆಯಲ್ಲಿದ್ದಾಗ ಮಾತ್ರ ಒಳಗೆ ಇಣುಕಿ ಬರುತ್ತಾರೆ.

"ಜಾಯ್ಲಿನ್ ಎಂತದೂ ಕೇಳಲಿಲ್ಲ ಮಾರಾಯ. ಕೇಳಿ ನಾಲ್ಕು ಬೈದಿದ್ರೆ ಒಳ್ಳೇದಿತ್ತು," ಎಂದರು. "ನೀನು ಕೆಲಸ ತಿಳಿದವನು, ನೀನೇ ಹೇಳು ಮಗಾ. ನಾನು ಬಾಗಿಲು ಹಾಕಿದ್ದಿದ್ರೆ ಆ ಮಾಡು ನಿಲ್ತಿತ್ತಲ್ಲ? ಅವಳ ಸೊಂಟ ಮುರಿದದ್ದು ನಾನೇ ಅಲ್ವಾ?"

ರಮಾಕಾಂತ್ ಕನ್ನಡಕ ತೆಗೆದು ಒರೆಸತೊಡಗಿದರು. ಮುದುಕನ ಕಣ್ಣು ಸೆವೆರಿನ್‌ನ ಮುಖ ಬಿಟ್ಟು ಕದಲಲಿಲ್ಲ. ಹೌದು ಎನ್ನಲಿ, ಅಲ್ಲ ಎನ್ನಲಿ, ಆ ಮನುಷ್ಯನಿಗೆ ಇವನ ಬಾಯಿಂದ ಒಂದು ಮಾತು ಬೇಕಿತ್ತು. ಅಲ್ಲ ಎಂದರೆ ಸಾಕಿತ್ತು, ಇವತ್ತು ಸಂಜೆ ಅವರು ವಾರ್ಡಿನ ಒಳಗೆ ಹೋಗಿ ಹೆಂಡತಿಯ ಕೈ ಹಿಡಿಯುತ್ತಿದ್ದರು. ಎಸೆಯಲು ಡ್ರಿಲ್ಲಿರಲಿಲ್ಲ, ಬೈಯಲು ಯಾರೂ ಇರಲಿಲ್ಲ.

ಸೆವೆರಿನ್ ಟೇಪನ್ನು ಸುತ್ತಿದ. ಪ್ರಣತಿಯ ಕೈಗೆ ಕೊಟ್ಟ. ತಿರುಗಿ, ಮಲಗಿದ ಗೋಧಿಯ ನಡುವೆ ಕಾರಿನ ಕಡೆಗೆ ನಡೆದ.

"ಮಗಾ, ನಿನ್ನ ಟೋಪಿ ಇಲ್ಲೇ ಉಂಟು," ಎಂದು ಹಿಂದಿನಿಂದ ಅಂಕಲ್ ಕೂಗಿದರು. "ಬಿಸಿಲುಂಟು ಮಾರಾಯ."

ಅವನು ನಡೆಯುತ್ತಲೇ ಇದ್ದ.