ಕ್ಲಚ್ಚಿನ ಮೇಲೊಂದು ಕಾಲು

ಮಾನ್ವಿಯ ಬಸ್ ನಿಲ್ದಾಣದ ಎದುರು, ಕಾಲೇಜಿನ ಹುಡುಗ ಹುಡುಗಿಯರು ಬಸ್ಸಿಗಾಗಿ ಕಾದು ಬೇಸತ್ತು, ಏನಾದರೂ ಮನರಂಜನೆ ಒದಗೀತೇ ಎಂದು ಸುತ್ತ ನೋಡುತ್ತಿರುವ ಹೊತ್ತಿಗೆ ಸರಿಯಾಗಿ ನಾನು ಮೌನಪ್ಪ ಮಾಸ್ತರರ ಕಾರನ್ನು ಹಿಂದಿನಿಂದ ತಳ್ಳುತ್ತಿದ್ದೆ. ನಡುವಯಸ್ಸಿನಲ್ಲಿ ನನಗೆ ಕೂಡಿಬಂದ ಏಕೈಕ ಆಸ್ತಿಯಾದ ಹೊಟ್ಟೆಯನ್ನು ಡಿಕ್ಕಿಗೆ ಆನಿಸಿ, ಉಸಿರು ಬಿಗಿಹಿಡಿದು ನೂಕಿದೆ. ಅದುವರೆಗೆ ಮುನಿಸಿಕೊಂಡು ನಿಂತಿದ್ದ ಗಾಡಿ ಹೇಳದೆ ಕೇಳದೆ ಹೊರಟುಬಿಟ್ಟಿತು. ಆಧಾರ ತಪ್ಪಿದ ನಾನು ಸಾಷ್ಟಾಂಗ ನಮಸ್ಕಾರದ ಭಂಗಿಯಲ್ಲಿ ರಸ್ತೆಯ ಮೇಲೆ ಒರಗಿದೆ. ನಿಲ್ದಾಣದಿಂದ ಚಪ್ಪಾಳೆ ಕೇಳಿಸಿತು.

ಬೇರೆ ಯಾರೇ ಆಗಿದ್ದರೂ ಗಾಡಿ ನಿಲ್ಲಿಸಿ, ಇಳಿದು ಬಂದು, ಪೆಟ್ಟಾಯಿತೇ ಎಂದು ವಿಚಾರಿಸುತ್ತಿದ್ದರು. ಮಾಸ್ತರರು ಕಿಟಕಿಯಿಂದ ತಲೆಯನ್ನಷ್ಟೇ ಹೊರಹಾಕಿ ಕೂಗಿದರು:

"ಓಡಿ ಬಂದು ಹತ್ರಿ ಶರಣಯ್ಯನವ್ರ! ನಿಲ್ಲಿಸಿದ್ರ ಮತ್ತ ಏಳಂಗಿಲ್ಲ ಇದು!"

ಓಡಿದೆ. ಮೊಣಕಾಲಿನ ಬಳಿ ಬಾಯಿಬಿಟ್ಟ ಪ್ಯಾಂಟಿನೊಡನೆ ಚಲಿಸುವ ಕಾರಿನೊಳಕ್ಕೆ ನನ್ನನ್ನು ನಾನೇ ಎಸೆದುಕೊಂಡೆ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಬಸ್ಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ನೋವಿರಬೇಕೆಂದು ನಾನು ಗಾಬರಿಯಾದೆ. "ಇಲ್ಲ ತಮ್ಮಾ, ನಗು ತಡೀವಲ್ದು," ಎಂದರು ಆ ತಾಯಿ.

ಬಸ್ಸಮ್ಮನವರ ಎರಡೂ ಮೂತ್ರಪಿಂಡಗಳು ಕೈಬಿಟ್ಟಿದ್ದವು. ಸೋಮವಾರ ಮತ್ತು ಗುರುವಾರ ಅವರನ್ನು ರಾಯಚೂರಿಗೆ ಕರೆದೊಯ್ದು ಯಂತ್ರಕ್ಕೆ ಜೋಡಿಸಿ ರಕ್ತ ಶುದ್ಧಿ ಮಾಡಿಸಬೇಕಿತ್ತು. ಒಂದು ಸರದಿ ತಪ್ಪಿದರೂ ಮೈತುಂಬ ನೀರು ನಿಂತು ಉಸಿರು ಕಟ್ಟುತ್ತಿತ್ತು. ಅವರ ಜೀವ ಆ ಯಂತ್ರಕ್ಕೂ, ಆ ಯಂತ್ರ ಈ ಕಾರಿಗೂ, ಈ ಕಾರು ಒಂದು ಸವೆದ ಕ್ಲಚ್ ಪ್ಲೇಟಿಗೂ ಅಂಟಿಕೊಂಡು ನಡೆಯುತ್ತಿತ್ತು. ರಾಯಚೂರಿನ ಕಚೇರಿಗೆ ದಿನವೂ ಹೋಗುವ ನಾನು, ಬಸ್ಸಿನಲ್ಲಿ ಜೋತುಬೀಳುವ ಸಂಕಟ ತಪ್ಪಲೆಂಬ ಸ್ವಾರ್ಥದಿಂದ ಆ ಎರಡು ದಿನ ಅವರ ಜೊತೆಗಾರನಾಗಿದ್ದೆ. ಜೊತೆಗಾರ ಎಂದರೆ ತಳ್ಳುವವನು.

ಮೌನಪ್ಪ ಮಾಸ್ತರರು ನಡೆಯುವಾಗ ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ಮುಂಗಾಲನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ, ಭೂಮಿಗೂ ತಮಗೂ ನಡುವೆ ಒಂದು ಸಂಶಯದ ಅಂತರ ಉಳಿಸಿಕೊಂಡು ಹೆಜ್ಜೆಯಿಡುತ್ತಿದ್ದರು. ರಾಯಚೂರಿನ ಬಿಸಿಲಿನಲ್ಲೂ ಅಂಗಿಯ ಕುತ್ತಿಗೆಯ ಗುಂಡಿ ಬಿಚ್ಚಿದವರಲ್ಲ. ಎಡ ಚಪ್ಪಲಿಯ ಮುಂಭಾಗ ಸವೆದು ಕನ್ನಡಿಯಾಗಿತ್ತು, ಬಲದ್ದು ಹೊಸದರಂತಿತ್ತು. ಯಾರು ಏನೇ ಬುದ್ಧಿ ಹೇಳಲಿ, ಕನ್ನಡಕವನ್ನು ಹಣೆಗೇರಿಸಿ "ಹಂಗಂತೀರೇನು?" ಎನ್ನುವರು. ಅದು ಪ್ರಶ್ನೆಯಲ್ಲ, ಚರ್ಚೆ ಮುಗಿಯಿತೆಂಬ ಗಂಟೆ. ಆಮೇಲೆ ಅವರು ಮೊದಲೇ ನಿಶ್ಚಯಿಸಿದ್ದನ್ನೇ ಮಾಡುತ್ತಿದ್ದರು.

ಗಬ್ಬೂರಿನ ಕೂಲಿಯವರ ಮನೆಯಲ್ಲಿ ಹುಟ್ಟಿ, ಊರ ಹೊರಗಿನ ತಮ್ಮ ಓಣಿಯಲ್ಲಿ ಮೊದಲು ಅಕ್ಷರ ಕಲಿತು, ದೇವದುರ್ಗದ ಕಡೆಯ ಶಾಲೆಗಳಲ್ಲಿ ಆಯುಷ್ಯ ಸವೆಸಿ, ಹೆಡ್‌ಮಾಸ್ತರರಾಗಿ ನಿವೃತ್ತರಾದ ಮೇಲೆ ಮಾನ್ವಿಯಲ್ಲಿ ನಮ್ಮ ಪಕ್ಕದ ಬೀದಿಗೆ ಬಂದವರು. ಕಾರು ಕಲಿತದ್ದು ನಿವೃತ್ತಿಯ ನಂತರ. ಕಲಿಸುವವನು ಮೊದಲ ದಿನ, ಸಂತೆಯ ಜನಸಂದಣಿಯ ನಡುವೆ, ಪ್ರಾಣಭಯದಿಂದ "ಕ್ಲಚ್ ಮ್ಯಾಲಿಂದ ಕಾಲು ತಗೀಬ್ಯಾಡ್ರಿ ಸರ್!" ಎಂದು ಚೀರಿದನಂತೆ. ಅದು ಆ ಗಳಿಗೆಗೆ ಹೇಳಿದ ಮಾತು. ಮಾಸ್ತರರು ಅದನ್ನು ಜನ್ಮಕ್ಕೆ ಸ್ವೀಕರಿಸಿದರು. ಕಲಿಸಿದವರ ಮಾತನ್ನು ಅಕ್ಷರಶಃ ಪಾಲಿಸಿಯೇ ಕೂಲಿಯ ಬುಟ್ಟಿಯಿಂದ ಪಾರಾದ ಮನುಷ್ಯ, ಅರವತ್ತರ ನಂತರ ಸಿಕ್ಕ ಗುರುವಿಗೆ ಅವಿಧೇಯನಾಗುವುದಾದರೂ ಹೇಗೆ? ಬಯಲ ರಸ್ತೆಯಲ್ಲೂ ಅವರ ಎಡಗಾಲು ಪೆಡಲಿನ ಮೇಲೆ ಹಗುರವಾಗಿ ಕುಳಿತೇ ಇರುತ್ತಿತ್ತು. ಒಳಗೆ ಎಂಜಿನ್ನನ್ನು ಚಕ್ರಗಳಿಗೆ ಜೋಡಿಸುವ ಪ್ಲೇಟು ಪೂರ್ತಿ ಅಂಟದೆ, ಪೂರ್ತಿ ಬಿಡದೆ, ತಿಕ್ಕುತ್ತ ತಿಕ್ಕುತ್ತ ಸವೆಯಿತು. ಕೊನೆಕೊನೆಗೆ ಎಂಜಿನ್ ಹುಲಿಯಂತೆ ಗರ್ಜಿಸಿದರೂ ಚಕ್ರಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

ಗ್ಯಾರೇಜಿನ ಮುಕರ್ರಂ ಇದನ್ನು ಅನೇಕ ಸಲ ಹೇಳಿದ್ದ.

"ಮಾಸ್ತರ್ರ, ಪ್ಲೇಟು ಹಪ್ಪಳ ಆಗ್ಯದ. ಎಡಗಾಲು ಬಾಜೂಕ ಇಡ್ರಿ ಅಂತ ಎಷ್ಟು ಸಲ ಹೇಳ್ಬೇಕು?"

"ಹಂಗಂತೀಯೇನು?"

"ಹಂಗಂತೀನಿ. ಮಂಗಳವಾರ ಗಾಡಿ ಬಿಟ್ಟು ಹೋಗ್ರಿ."

"ಬುಧವಾರ ಸಂಜಿಗೆ ಕೊಡ್ತೀ? ಖಾತ್ರಿ ಏನು?"

ಮುಕರ್ರಂ ಪ್ರಾಮಾಣಿಕ. ತಲೆ ಕೆರೆದುಕೊಂಡ. "ಗೇರ್ ಬಾಕ್ಸ್ ಇಳಿಸಿದ ಮ್ಯಾಲ ಒಳಗ ಏನೇನು ಕೆಟ್ಟಿರ್ತದೋ... ಸಾಮಾನು ಹೈದರಾಬಾದಿನಿಂದ ಬರ್ಬೇಕು. ಒಂದಿನ ಹಿಂದ ಮುಂದ ಆಗ್ಬಹುದು, ಖರೇನ ಹೇಳ್ತೀನಿ."

ಸುಳ್ಳು ಹೇಳಿದ್ದರೆ ಆ ಕಾರು ಆ ವಾರವೇ ರಿಪೇರಿಯಾಗುತ್ತಿತ್ತು. ಮಾಸ್ತರರು ಕೀಲಿಕೈ ಜೇಬಿಗೆ ಹಾಕಿಕೊಂಡು ಬಂದರು. ಅಂದಿನಿಂದ ಇಳಿಜಾರು ನೋಡಿಯೇ ನಿಲ್ಲಿಸುವುದು, ಏರು ಬಂದರೆ ದೂರದಿಂದಲೇ ವೇಗ ಕೂಡಿಸಿಕೊಳ್ಳುವುದು, ಯಾರು ಬಿದ್ದರೂ ನಿಲ್ಲದಿರುವುದು ಅವರ ಸಾರಥ್ಯದ ನಿಯಮಗಳಾದವು.

ಏಪ್ರಿಲ್‌ನ ಒಂದು ಸೋಮವಾರ, ಕಲ್ಲೂರು ದಾಟಿದ ಮೇಲೆ, ಕಾಲುವೆಯ ಸೇತುವೆಯ ಏರಿನಲ್ಲಿ, ಭತ್ತ ಕೊಯ್ಯುವ ಯಂತ್ರವೊಂದು ರಸ್ತೆಯ ಅಗಲವನ್ನೆಲ್ಲ ತಾನೇ ಆಕ್ರಮಿಸಿ ಎದುರಿಗೆ ಬಂತು. ನಿಲ್ಲಿಸಲೇಬೇಕಾಯಿತು. ಅದು ಸರಿದುಹೋದ ಮೇಲೆ ನಮ್ಮ ಗಾಡಿ ಗರ್ಜಿಸಿತು, ನಡುಗಿತು, ಕದಲಲಿಲ್ಲ.

"ಏನೋ ಸುಟ್ಟ ವಾಸನಿ ಬರಾಕತ್ತದ ನೋಡ್ರಿ," ಎಂದರು ಬಸ್ಸಮ್ಮ.

"ಹೊಲದಾಗ ಹುಲ್ಲು ಸುಡಾಕತ್ತಾರ."

"ಹೊಲದಾಗಲ್ಲ, ನಿಮ್ಮ ಕಾಲ ಬುಡಕ ಸುಡಾಕತ್ತದ. ನನ್ನ ಕೂಡ ಮುನಿಸಿಕೊಂಡು ಉಪವಾಸ ಮಲಗಿದ್ರೂ ಕಾಲು ಮಾತ್ರ ಆ ಕ್ಲಚ್ ಮ್ಯಾಲ. ತಡೀರಿ, ನಾ ಇಳೀತೀನಿ. ಮೈತುಂಬ ನೀರು ತುಂಬಿಕೊಂಡು ಟ್ಯಾಂಕರ್ ಆಗೀನಿ, ಭಾರ ಕಮ್ಮಿ ಆಗ್ಲಿ."

ಅವರು ಇಳಿದೇಬಿಟ್ಟರು. ಬಾತುಕೊಂಡ ಪಾದಗಳು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಕಾಯ್ದ ಡಾಂಬರಿನ ಅಂಚಿನಲ್ಲಿ, ಸೇತುವೆಯ ಕಟ್ಟೆ ಹಿಡಿದು, ನಿಂತು ನಿಂತು ಆ ಏರನ್ನು ಹತ್ತತೊಡಗಿದರು. ನಾನು ತಳ್ಳಿದೆ. ಹಾಸ್ಯಪ್ರಜ್ಞೆ ಎಂದು ನಾನು ಇಷ್ಟು ವರ್ಷ ಸಾಕಿಕೊಂಡು ಬಂದದ್ದು ಆ ಬಿಸಿಲಿನಲ್ಲಿ ಒಂದೇ ಒಂದು ಮಾತಿಗೂ ಒದಗಲಿಲ್ಲ.

ಅಷ್ಟರಲ್ಲಿ ಸರಕಾರಿ ಬಸ್ಸು ಬಂದು ತಾನಾಗಿ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಾಗಿ, "ಬರ್ರಿ ಯವ್ವಾ, ಸೀಟು ಮಾಡಿ ಕೊಡ್ತೀನಿ," ಎಂದ. ಬಸ್ಸಮ್ಮ ಬಾಗಿಲಿನ ಸರಳಿಗೆ ಕೈಯಿಟ್ಟರು.

"ಬ್ಯಾಡ. ನೀವು ನಡೀರಿ," ಎಂದರು ಮಾಸ್ತರರು ಕಂಡಕ್ಟರನಿಗೆ.

"ವ್ಯಾಳ್ಯಾ ಆಗ್ಯದ ಮಾಸ್ತರ್ರ, ಹತ್ತಿಸ್ರಿ," ಎಂದೆ ನಾನು.

"ಹಂಗಂತೀರೇನು?"

ಬಸ್ಸಮ್ಮ ಗಂಡನ ಮುಖ ನೋಡಿದರು. ಸರಳಿನಿಂದ ಕೈ ತೆಗೆದರು. ಬಸ್ಸು ಹೊರಟಿತು.

ಕ್ಲಚ್ಚು ಆರಿ ಮತ್ತೆ ಒಂದಿಷ್ಟು ಹಿಡಿತ ಪಡೆಯುವವರೆಗೆ ಕಾಲುವೆಯ ಪಕ್ಕದ ಜಾಲಿಗಿಡದ ನೆರಳಿನಲ್ಲಿ ಕಾದೆವು. ತೆವಳುತ್ತ ರಾಯಚೂರು ತಲುಪಿದಾಗ ಅವರ ಸರದಿಯ ಯಂತ್ರ ಇನ್ನೊಬ್ಬರಿಗೆ ಹೋಗಿತ್ತು. ನರ್ಸಮ್ಮ ದೊಡ್ಡ ಮನಸ್ಸು ಮಾಡಿ ಸಂಜೆಗೆ ಅರ್ಧ ಸರದಿ ಹೊಂದಿಸಿಕೊಟ್ಟರು. ಅರ್ಧ ನೀರು ಹೊರಗೆ, ಅರ್ಧ ಮೈಯಲ್ಲೇ.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ನನ್ನ ಸಿಟ್ಟು ಮೀರಿತು. "ಬಸ್ಸಿಗೆ ಹತ್ತಿಸಿದ್ರ ಏನು ಆಗ್ತಿತ್ತ್ರೀ? ಹೋಗ್ಲಿ, ಬಾಡಿಗಿ ಕಾರಾದ್ರೂ ಮಾಡ್ಬಹುದಿತ್ತಲ್ಲ?"

ಈ ಸಲ ಮಾಸ್ತರರು ಕನ್ನಡಕವನ್ನು ಹಣೆಗೇರಿಸಲಿಲ್ಲ.

"ಮಾಡಿದ್ದೆ, ಮೊದಲ ಸಲ. ಬರೋ ಮುಂದ ಆಕಿ ಹಿಂದ ಮಲಗಿದ್ಲು. ಡ್ರೈವರ್ ಮನಿ ಮುಂದ ಇಳಿಸಿದ. ಕೊಡ ನೀರು ಕೇಳಿದ, ಕೊಟ್ಟೆ. ನಮ್ಮ ಎದುರಿಗೇ ಸೀಟೆಲ್ಲ ತೊಳದ."

"ವಾಂತಿ ಆಗಿತ್ತೇನೋ..."

"ಇಲ್ಲ. ಅವತ್ತು ಆಕಿ ವಾಂತಿ ಮಾಡಿರಲಿಲ್ಲ."

ಕುತ್ತಿಗೆಯ ಗುಂಡಿಯನ್ನೊಮ್ಮೆ ಮುಟ್ಟಿಕೊಂಡು ಮುಂದುವರಿಸಿದರು: "ಆಕಿ ಬಾಗಲದಾಗ ನಿಂತು ನೋಡಿದ್ಲು. ಇನ್ನ ಯಾರ ಗಾಡ್ಯಾಗೂ ನಿನ್ನ ಕುಂದರಸಂಗಿಲ್ಲ ಅಂತ ಮಾತು ಕೊಟ್ಟೀನಿ."

ಆಕೆ ಆ ಮಾತನ್ನು ತಾನಾಗಿ ಬೇಡಿರಲಿಲ್ಲವೆಂಬುದು, ಆ ದಿನ ಬಸ್ಸಿನ ಸರಳಿಗೆ ಕೈಯಿಟ್ಟ ರೀತಿಯಿಂದಲೇ ನನಗೆ ಗೊತ್ತಾಗಿತ್ತು. ಅದನ್ನು ಹೇಳುವ ಯೋಗ್ಯತೆ ನನ್ನ ಮನೆತನಕ್ಕಾಗಲಿ, ನನಗಾಗಲಿ ಇದೆಯೆಂದು ಅನಿಸಲಿಲ್ಲ.

ಬಸ್ಸಮ್ಮ ಮೇ ತಿಂಗಳ ಒಂದು ಬೆಳಿಗ್ಗೆ, ಚಹಾದ ಲೋಟ ಕೈಯಲ್ಲಿರುವಾಗಲೇ ಹೋದರು. ಡಾಕ್ಟರು ಹೃದಯವೆಂದರು. ಆ ಸೋಮವಾರದ ಅರ್ಧ ಸರದಿಗೂ ಇದಕ್ಕೂ ಸಂಬಂಧವುಂಟೇ ಎಂದು ಯಾರೂ ಕೇಳಲಿಲ್ಲ. ಮಾಸ್ತರರೂ ಕೇಳಲಿಲ್ಲ. ಕೇಳದೇ ಉಳಿದದ್ದು ಅವರ ಮುಖದಲ್ಲಿ ಹಾಗೆಯೇ ನಿಂತುಬಿಟ್ಟಿತು. ಗಬ್ಬೂರಿನಿಂದ ಬಂದ ಬಂಧುಗಳು ಹಗಲೆಲ್ಲ ಅತ್ತರು. ಮಾಸ್ತರರು ಬಂದವರಿಗೆಲ್ಲ ಕುರ್ಚಿ ಹಾಕಿದರು.

ಇಂಥವರು ನಮ್ಮ ಕಡೆ ಒಂದು ತಲೆಮಾರಿನಷ್ಟಿದ್ದಾರೆ. ಕಲ್ಲುಮುಳ್ಳಿನ ದಾರಿಯನ್ನು ಒಂದೊಂದೇ ನಿಯಮವನ್ನು ಹಿಡಿದು ದಾಟಿದವರು. ಕೈಬಿಟ್ಟರೆ ಹಿಂದಕ್ಕೆ ಉರುಳುತ್ತೇವೆಂಬ ಭಯ ಬಯಲಿಗೆ ಬಂದ ಮೇಲೂ ಹೋಗದವರು. ಅವಮಾನವೊಂದರಿಂದ ತಮ್ಮವರನ್ನು ಕಾಯಲು ನಿಂತರೆ, ಕಾಯುವುದರಲ್ಲೇ ಅವರು ಸವೆಯುತ್ತಾರೆ, ತಮ್ಮವರನ್ನೂ ಸವೆಸುತ್ತಾರೆ. ಅವರ ಹಟವನ್ನು ನೋಡಿ ನಗುವುದು ಸುಲಭ. ಆ ಹಟ ಹುಟ್ಟಿದ ಬಾಗಿಲಿನಲ್ಲಿ ನಾವು ನಿಂತಿರಲಿಲ್ಲ, ಅಷ್ಟೇ.

ಹತ್ತನೆಯ ದಿನ ಕಳೆದ ಮೇಲೆ, ಕಚೇರಿಯಿಂದ ಬರುವಾಗ ನೋಡುತ್ತೇನೆ: ಕಾರು ಮುಕರ್ರಂನ ಗ್ಯಾರೇಜಿನಲ್ಲಿ ಬಾನೆಟ್ಟು ತೆರೆದುಕೊಂಡು, ಗೇರ್ ಬಾಕ್ಸ್ ಕೆಳಗಿಟ್ಟುಕೊಂಡು ನಿಂತಿತ್ತು. ಮಾಸ್ತರರು ಪಕ್ಕದ ಸ್ಟೂಲಿನ ಮೇಲೆ ಕುಳಿತು ಪೇಪರು ಓದುತ್ತಿದ್ದರು. ಏನಾದರೂ ಮಾತನಾಡಬೇಕಲ್ಲ ಎಂದು, ಬಾಯಿಗೆ ಬರಬಾರದ ಪ್ರಶ್ನೆಯೇ ನನ್ನ ಬಾಯಿಗೆ ಬಂತು.

"ಅಷ್ಟು ಹೇಳಿದ್ರೂ ಬಿಟ್ಟಿರಲಿಲ್ಲ. ಈಗ್ಯಾಕ ಬಿಟ್ಟೀರಿ ಮಾಸ್ತರ್ರ?"

ಅವರು ಪೇಪರಿನ ಪುಟ ತಿರುವಿದರು.

"ಈಗ ಗಾಡಿಗೆ ಪುರುಸೊತ್ತು ಅದರೀ."