ಮೂಟೆಜ್ಜಿಯ ಬೂಟು

ಮದುವೆಗೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಎಂಬುದನ್ನು ವಿಡಿಯೋ ಗೇಮಿನ ಮುದುಕಿಯೊಬ್ಬಳಿಗೆ ಬಿಟ್ಟುಕೊಟ್ಟ ಹೆಣ್ಣು ತಮ್ಮ ವಂಶದಲ್ಲೇ ಹುಟ್ಟಿರಲಿಲ್ಲ ಎಂದು ಅಮ್ಮ ಬೆಳಗಿನಿಂದ ಹೇಳುತ್ತಿದ್ದಳು. ವಂಶದಲ್ಲಿ ವಿಡಿಯೋ ಗೇಮೂ ಇರಲಿಲ್ಲ ಎಂದು ಮಗಳು ಪ್ರತಿ ಸಲವೂ ತಿದ್ದುತ್ತಿದ್ದಳು.

ಮಗಳು ಹಲ್ಲಿನ ಸೆಟ್ಟು ಮಾಡುವವಳು. ಮೂರನೇ ಮಹಡಿಯ ಲ್ಯಾಬಿನಲ್ಲಿ ಕೂತು ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. ಹಾಗಾಗಿ ಆಟದ ಅಭಿಮಾನಿಗಳ ಗುಂಪಿನಲ್ಲಿ ಅವಳ ಹೆಸರು ದವಡೆ. ಅದೇ ಕಟ್ಟಡದ ಕೆಳಗೆ ಕನ್ನಡಕದ ಅಂಗಡಿ ಇಟ್ಟವನು ಅದೇ ಗುಂಪಿನಲ್ಲಿ ಮಸೂರ. ತಾವಿಬ್ಬರೂ ದಿನಾ ಒಂದೇ ಬಾಗಿಲಿನಿಂದ ಒಳಗೆ ಹೋಗುವವರು ಎಂದು ಗೊತ್ತಾಗುವ ಹೊತ್ತಿಗೆ ಇಬ್ಬರೂ ಫೋನಿನಲ್ಲಿ ಒಬ್ಬರ ಜನ್ಮ ಒಬ್ಬರು ಜಾಲಾಡಿ ಮುಗಿಸಿದ್ದರು. ಆಮೇಲೆ ಜಗಳ ಮುಖಾಮುಖಿ ಆಯಿತು. ಮುಖಾಮುಖಿ ಆದದ್ದು ಮೆತ್ತಗಾಯಿತು. ಮೆತ್ತಗಾದ ಮೇಲೆ ಅವನು, ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ, ಕಣ್ಣಿನ ನಂಬರು ಹೇಳುವಷ್ಟೇ ಸಲೀಸಾಗಿ ಮದುವೆಯ ಮಾತೆತ್ತಿದ.

ಜಗಳದ ಮೂಲ ಮೂಟೆಜ್ಜಿ. ಆಟದಲ್ಲಿ ಹಿಮದ ಬೆಟ್ಟಗಳ ನಡುವೆ ಆಟಗಾರನ ಜೊತೆ ಹೆಜ್ಜೆ ಹಾಕುವ, ಅವನ ಸಾಮಾನೆಲ್ಲ ಹೊರುವ, ಹೊರುವಾಗಲೆಲ್ಲ ಗೊಣಗುವ ಮುದುಕಿ ಅವಳು. ಕೊನೆಗೆ ಒಂದು ಕಮರಿ ಬರುತ್ತದೆ, ಅದಕ್ಕೊಂದು ಮುರುಕು ಸೇತುವೆ. ಈಚೆ ದಡದಲ್ಲಿ ಒಬ್ಬರು ನಿಂತು ಹಗ್ಗ ಜಗ್ಗಿ ಹಿಡಿದರೆ ಮಾತ್ರ ಹಿಂದಿನಿಂದ ಓಡಿಬರುತ್ತಿರುವ ಊರ ಜನ ದಾಟಬಹುದು. ಹಿಡಿದವರು ಅಲ್ಲೇ ಮುಗಿದರು. ಆಟಗಾರನೇ ಹಿಡಿಯಬೇಕು, ಅಜ್ಜಿ ಬದುಕಬೇಕು ಎನ್ನುವವರು ಅಜ್ಜಿ ಬಣ. ದಾಟಿದ ಜನಕ್ಕೆ ದಾರಿ ತೋರಿಸಲು ಆಟಗಾರ ಬೇಕು, ಅಜ್ಜಿ ಹೇಗೂ ಬಾಳಿ ಬದುಕಿದವಳು ಎನ್ನುವವರು ಊರು ಬಣ. ಹಗ್ಗ ಯಾರೂ ಹಿಡಿಯದೆ, ಇಬ್ಬರೇ ದಾಟಿ ಊರನ್ನು ಅದರ ಪಾಡಿಗೆ ಬಿಡುವ ದಾರಿಯೂ ಆಟದಲ್ಲಿತ್ತು. ಆದರೆ ಅದರ ಮಾತೆತ್ತುವಷ್ಟು ಮಾನಗೆಟ್ಟವರು ಎರಡೂ ಬಣಗಳಲ್ಲಿ ಇರಲಿಲ್ಲ.

ದವಡೆ ಅಜ್ಜಿ ಬಣದ ಮುಖಂಡಳು. ಆಟದಲ್ಲಿ ಅವಳು ಹಗ್ಗ ಹಿಡಿದು ಪ್ರಾಣ ಬಿಟ್ಟಾಗ ಅಜ್ಜಿ ಸೇತುವೆ ದಾಟಿ ಹಿಮದಲ್ಲಿ ಒಂದೊಂದೇ ಹೆಜ್ಜೆ ಎತ್ತಿಡುತ್ತ, ನಿಂತು ನಿಂತು ದೂರವಾಗುವ ದೃಶ್ಯವಿತ್ತಲ್ಲ, ಅದರ ವಿಡಿಯೋ ಹಾಕಿ ಅವಳು ಒಂದು ಲೇಖನ ಬರೆದಿದ್ದಳು. "ದುಃಖಕ್ಕೆ ಕಾಲಿದ್ದಿದ್ದರೆ ಹೀಗೇ ನಡೆಯುತ್ತಿತ್ತು" ಎಂಬ ಸಾಲನ್ನು ಗುಂಪಿನ ಒಬ್ಬ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಊರು ಬಣದ ಮಸೂರನನ್ನು ಅದೇ ಲೇಖನದ ಕೊನೆಯಲ್ಲಿ ಅವಳು ಕಟುಕ ಎಂದು ಕರೆದಿದ್ದಳು. ಈಗ ಆ ಕಟುಕ ಭಾನುವಾರ ಮಧ್ಯಾಹ್ನ ಮನೆಗೆ ಬರುವವನಿದ್ದ. ಅವಳ ಷರತ್ತು ಒಂದೇ: ತನ್ನ ಕಣ್ಣೆದುರು ಕೊನೆಯ ಆಟ ಆಡಿ ತೋರಿಸಬೇಕು. ಬರೆಯುವುದು ಬೇರೆ, ಕೈ ಮಾಡುವುದು ಬೇರೆ. ಅಜ್ಜಿಯನ್ನು ಬಿಟ್ಟುಹೋಗುವಾಗ ಆ ಕೈ ಒಂದು ಕ್ಷಣವಾದರೂ ತಡವರಿಸಿದರೆ ಹೂಂ, ಇಲ್ಲದಿದ್ದರೆ ಉಹೂಂ.

ಮಸೂರ ಬಂದ. ಸೋಫಾದ ಅಂಚಿನಲ್ಲಿ ಕೂತ. ಅಮ್ಮ ಚಹಾ ಕೊಟ್ಟಳು. ಲಿಫ್ಟ್ ರಿಪೇರಿ ಮಾಡುವ ಅಣ್ಣ ಮ್ಯಾಚ್ ನೋಡುವವನಂತೆ ನೆಲದ ಮೇಲೆ ದಿಂಬು ಹಾಕಿಕೊಂಡು ಉರುಳಿದ.

ಟಿವಿಯಲ್ಲಿ ಕಮರಿ ಬಂತು. ಮಸೂರನ ಕೈ ನಿಜಕ್ಕೂ ತಡವರಿಸಿತು. ದವಡೆಯ ಎದೆ ಹಗುರಾಯಿತು. ಆಮೇಲೆ ಅವನು ಅಜ್ಜಿಯ ಮೂಟೆ ತೆರೆದು ಅದರಲ್ಲಿದ್ದದ್ದನ್ನೆಲ್ಲ ತನ್ನ ಚೀಲಕ್ಕೆ ಹಾಕಿಕೊಂಡ. ಅಜ್ಜಿಯ ಕಂಬಳಿ ಕಳಚಿದ. ಉಣ್ಣೆಯ ಟೋಪಿ ಕಳಚಿದ. ಕೊನೆಗೆ ಬೂಟನ್ನೂ ಬಿಚ್ಚಿಕೊಂಡ. ಒಳಂಗಿಯಲ್ಲಿ, ಬರಿಗಾಲಲ್ಲಿ, ಹಿಮದ ಬಿರುಗಾಳಿಯಲ್ಲಿ ಹಗ್ಗ ಹಿಡಿದು ನಿಂತ ಅಜ್ಜಿ, "ನನ್ನ ಚಿಂತೆ ಬಿಡು ಮಗಾ, ನನಗೇನೂ ಕಡಿಮೆಯಾಗಿಲ್ಲ" ಎಂದಳು.

ಅಣ್ಣ ದಿಂಬು ಕಚ್ಚಿಕೊಂಡು ನಕ್ಕ.

"ಬೂಟು!" ಎಂದಳು ದವಡೆ. "ಸಾಯೋಕೆ ನಿಂತವಳ ಬೂಟು ಬಿಚ್ಕೊಂಡ್ರಾ?"

"ಆಟ ಮತ್ತೆ ಮೊದಲಿಂದ ಶುರು ಮಾಡಿದ್ರೆ ನಮ್ಮ ಚೀಲದಲ್ಲಿರೋದು ಉಳಿಯುತ್ತೆ, ಅವಳ ಮೈಮೇಲಿರೋದು ಹೋಗುತ್ತೆ," ಎಂದ ಮಸೂರ. "ಒಳ್ಳೇ ಬೂಟು. ಸುಮ್ನೆ ಯಾಕೆ ಹಾಳು?"

"ಅದೂ ಸರಿ," ಎಂದಳು ಅಮ್ಮ.

"ಅಮ್ಮಾ!"

"ಅಲ್ವೇನೇ? ಉಣ್ಣೆ ಟೋಪಿ ಬೇರೆ."

"ನೋಡಿ," ಎಂದ ಮಸೂರ, "ನಂಗೆ ಇದು ದಿನಾ ಇರೋದೇ. ಹೋದವರ ಕನ್ನಡಕ ತಗೊಂಡು ಬರ್ತಾರೆ. ಫ್ರೇಮ್ ಗಟ್ಟಿ ಇದೆ, ಮೊಮ್ಮಗಳ ನಂಬರ್ ಹಾಕಿಕೊಡಿ ಅಂತಾರೆ. ಹಾಕಿಕೊಡ್ತೀನಿ. ಆ ಹುಡುಗಿ ಅದನ್ನ ಹಾಕ್ಕೊಂಡು ಕನ್ನಡೀಲಿ ನೋಡ್ಕೋತಾಳಲ್ಲ, ಅದರಲ್ಲಿ ತಪ್ಪೇನಿದೆ?"

"ನಾನು ಮಾಡೋ ಹಲ್ಲು ಒಂದು ಬಾಯಿಗೇ. ಅವರು ಹೋದ್ರೆ ಅದೂ ಅವರ ಜೊತೆಗೇ ಹೋಗ್ಬೇಕು. ಯಾರೂ ಬಂದು ಅಜ್ಜನ ಹಲ್ಲು ಚೆನ್ನಾಗಿದೆ, ಚಿಕ್ಕಪ್ಪನಿಗೆ ಹಾಕಿ ಅನ್ನಲ್ಲ."

"ಅನ್ನೋ ಹಾಗಿದ್ದಿದ್ರೆ ಚಿಕ್ಕಪ್ಪ ಬಿಡ್ತಿರ್ಲಿಲ್ಲ," ಎಂದ ಅಣ್ಣ.

ದವಡೆ ಮಸೂರನ ಕೈಯಿಂದ ಆಟದ ರಿಮೋಟು ಕಿತ್ತುಕೊಂಡಳು. ಉಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಉಗುಳುವ ಮೊದಲು ಮನುಷ್ಯರು ಹೇಗೆ ಸಾಯಬೇಕು ಎಂಬುದನ್ನು ತೋರಿಸಿಕೊಡಬೇಕಿತ್ತು. ತನ್ನ ಆಟ ತೆರೆದಳು. ತಾನಿಲ್ಲದ ಮೇಲೆ ಅಜ್ಜಿಗೆ ಯಾವ ಹೊತ್ತಿಗೆ ಏನು ಬೇಕಾಗುತ್ತದೋ ಎಂದು ಎಂದಿನಂತೆ ಕತ್ತಿ, ಕೊಡಲಿ, ಸೌದೆ, ಒಣಮಾಂಸ, ಡೇರೆ, ಕಬ್ಬಿಣದ ಕಡಾಯಿ ಎಲ್ಲವನ್ನೂ ಅಜ್ಜಿಯ ಮೂಟೆಗೆ ತುಂಬಿದಳು. ಹಗ್ಗ ಹಿಡಿದಳು. ಊರು ದಾಟಿತು. ಅಜ್ಜಿ ಹಿಮದಲ್ಲಿ ಒಂದು ಹೆಜ್ಜೆ ಇಟ್ಟಳು, ನಿಂತಳು, ಇನ್ನೊಂದಿಟ್ಟಳು.

"ಪಾಪ, ಯಾಕೆ ಹೀಗೆ ನಡೀತಾಳೆ?" ಎಂದಳು ಅಮ್ಮ.

"ದುಃಖ ಅಮ್ಮಾ. ನೋಡು, ಬಿಟ್ಟುಹೋಗೋಕೆ ಕಾಲೇ ಬರ್ತಿಲ್ಲ."

ಅಣ್ಣ ಎದ್ದು ಟಿವಿಯ ಹತ್ತಿರ ಹೋಗಿ ಮೂಲೆಯಲ್ಲಿ ಮಿನುಗುತ್ತಿದ್ದ ಕೆಂಪು ಗುರುತಿನ ಮೇಲೆ ಬೆರಳಿಟ್ಟ. ಪುಟ್ಟ ಬಂಡೆಯ ಚಿತ್ರ. "ಲೇ, ಇದು ದುಃಖ ಅಲ್ಲ ಕಣೇ. ಓವರ್‌ಲೋಡು. ನಮ್ಮ ಲಿಫ್ಟಲ್ಲಾದ್ರೆ ಕಿರುಚ್ಕೊಳುತ್ತೆ, ಇಲ್ಲಿ ಪಾಪ ಮುದುಕಿ ಬಾಯಿ ಮುಚ್ಕೊಂಡು ನಡೀತಿದ್ದಾಳೆ."

ದವಡೆ ಆಟವನ್ನು ಹಿಂದಕ್ಕೊಯ್ದು, ಮೂಟೆ ಖಾಲಿ ಮಾಡಿ, ಮತ್ತೆ ಹಗ್ಗ ಹಿಡಿದು ಸತ್ತಳು. ಈ ಸಲ ಅಜ್ಜಿ ಸೇತುವೆ ದಾಟಿದ್ದೇ ಸೆರಗಿಗೆ ಬೆಂಕಿ ಬಿದ್ದವಳಂತೆ ಓಟ ಕಿತ್ತಳು. ತಿರುಗಿ ಕೂಡ ನೋಡಲಿಲ್ಲ. ಬೆಟ್ಟದ ತುದಿಯಲ್ಲೊಮ್ಮೆ ಚಂಗನೆ ಹಾರಿದ ಹಾಗೂ ಕಂಡಿತು.

"ಆರೋಗ್ಯ ಚೆನ್ನಾಗಿದೆ," ಎಂದಳು ಅಮ್ಮ.

ದವಡೆ ಮಸೂರನ ಕಡೆ ತಿರುಗಿದಳು. ಅವನು ನಗುತ್ತಿರಲಿಲ್ಲ. ಖಾಲಿ ಲೋಟದ ತಳವನ್ನು, ಅಲ್ಲಿ ಏನೋ ಬರೆದಿದೆ ಎಂಬಂತೆ, ಓದುತ್ತಿದ್ದ.

"ನಿಮಗೆ ಮೊದಲೇ ಗೊತ್ತಿತ್ತು."

"ಹ್ಞೂಂ."

"ಯಾವಾಗಿಂದ?"

"ನೀವು ಆ ವಿಡಿಯೋ ಹಾಕಿದಾಗಿಂದ. ಮೊದಲನೇ ಸಲ ನೋಡಿ ಅತ್ತುಬಿಟ್ಟೆ. ಎರಡನೇ ಸಲ ಮೂಲೇಲಿ ಬಂಡೆ ಕಂಡಿತು."

"ಒಂದು ಮಾತು ಗುಂಪಲ್ಲಿ ಹಾಕಿದ್ರೆ ನಮ್ಮ ಬಣ ಅವತ್ತೇ ಮಣ್ಣು ಮುಕ್ಕುತ್ತಿತ್ತು. ನಾನು ಕಟುಕ ಅಂದಾಗಲೂ ಯಾಕೆ ಸುಮ್ಮನಿದ್ರಿ?"

"ಅವತ್ತು ಬೆರಳು ತುರಿಸ್ತಾ ಇತ್ತು. ಅರ್ಧ ಟೈಪ್ ಮಾಡಿ ಅಳಿಸಿದೆ." ಅವನು ಲೋಟ ಕೆಳಗಿಟ್ಟ. "ಅಷ್ಟು ಚೆನ್ನಾಗಿ ಬರೆದಿದ್ರಿ. ಒಂದು ಕಬ್ಬಿಣದ ಕಡಾಯಿಗೋಸ್ಕರ ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ."

ದವಡೆ ಫೋನು ತೆಗೆದು, ಅವನು ಬೇಡ ಬೇಡ ಎನ್ನುತ್ತಿರುವಂತೆಯೇ, ಓವರ್‌ಲೋಡಿನ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಗುಂಪಿಗೆ ಬರೆದು ಹಾಕಿದಳು. ಉತ್ತರಗಳು ದಬದಬ ಬಿದ್ದವು. ಊರು ಬಣ ಕುಣಿಯಿತು. ಅಜ್ಜಿ ಬಣ ಅವಳನ್ನು ದ್ರೋಹಿ ಎಂದಿತು. ಹಚ್ಚೆಯವನು, ಲೇಖನದ ಅರ್ಥ ಅದನ್ನು ಬರೆದವಳಿಗೇ ಆಗಿಲ್ಲ, ಭಾರವೆಂದರೆ ಪ್ರೀತಿಯೇ ಅಲ್ಲವೇ ಎಂದು ಉದ್ದಕ್ಕೆ ಬರೆಯತೊಡಗಿದ. ಅದಕ್ಕೆ ಹೃದಯಗಳು ಬೀಳತೊಡಗಿದವು.

ಇತ್ತ ಯಾರೂ ಗಮನಿಸದ ಹೊತ್ತಿನಲ್ಲಿ ರಿಮೋಟು ಅಮ್ಮನ ಕೈಗೆ ಹೋಗಿತ್ತು. ಅಣ್ಣ ಹೇಳಿಕೊಟ್ಟ ಗುಂಡಿಗಳನ್ನು ಒತ್ತಿ ಅವಳು ಅಜ್ಜಿಯ ಕೈಹಿಡಿದು ಸೇತುವೆ ದಾಟಿಯೇಬಿಟ್ಟಳು. ಹಿಂದೆ ಸೇತುವೆ ಊರಿನ ಸಮೇತ ಕುಸಿಯಿತು.

"ಅಮ್ಮಾ, ಊರು!" ಎಂದು ದವಡೆಯೂ ಮಸೂರನೂ ಒಟ್ಟಿಗೆ ಕೂಗಿದರು.

"ಊರವರು ಯಾವತ್ತು ನಮಗಾಗಿದ್ದಾರೆ?" ಎಂದಳು ಅಮ್ಮ. "ಅದಿರಲಿ, ಇವರಿಗೆ ಏನು ಹೇಳ್ತೀಯ? ಸಂಜೆ ಆಯ್ತು."

ದವಡೆ ಮಸೂರನನ್ನು ನೋಡಿದಳು. ಮುದುಕಿಯ ಬೂಟು ಬಿಚ್ಚುವಾಗ ರೆಪ್ಪೆ ಅಲ್ಲಾಡಿಸದ ಮನುಷ್ಯ ಈಗ ಕನ್ನಡಕ ತೆಗೆದು, ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಒಂದು ಷರತ್ತು," ಎಂದಳು. "ನನ್ನ ತಪ್ಪು ಕಂಡ್ರೆ ಇನ್ಮೇಲೆ ಮುಖಕ್ಕೆ ಹೇಳ್ಬೇಕು. ಕನಿಕರ ಪಟ್ಟು ಒಳಗೊಳಗೆ ಇಟ್ಕೊಳ್ಳೋ ಹಾಗಿಲ್ಲ."

"ಹಾಗಂದ್ರೆ..."

"ಹಾಗಂದ್ರೆ ಹೂಂ ಅಂತ."

ಮಸೂರ ಕನ್ನಡಕ ಹಾಕಿಕೊಂಡ. ಸೋಫಾದ ಅಂಚಿನಿಂದ ಸ್ವಲ್ಪ ಹಿಂದಕ್ಕೆ ಸರಿದು, ಈ ಮನೆಗೆ ಬಂದಾಗಿನಿಂದ ಮೊದಲ ಬಾರಿಗೆ ಒರಗಿ ಕೂತ. "ಹಾಗಾದ್ರೆ ಒಂದು ಮಾತು. ಆ ಲೇಖನದಲ್ಲಿ ನಡುವಿನ ಪ್ಯಾರಾ ಇದೆಯಲ್ಲ, ಅದು ವಿಪರೀತ ಉದ್ದ ಆಯ್ತು."

ದವಡೆ ಕುರ್ಚಿಯನ್ನು ಅವನೆದುರಿಗೆ ಎಳೆದುಕೊಂಡು ಕೂತಳು.

"ಯಾವ ಸಾಲಿಂದ?" ಎಂದಳು.