ಮಾಲೀಕನ ಕಾಲು

"ತೋರ್ಸೇ ಕೈನ. ಎಲ್ರೂ ನೋಡ್ಲಿ. ಈ ಕೊಳೆತ ಬೆರಳಲ್ಲಿ ಮೇಡಂ ಕಾಲು ಮುಟ್ಟಿದೀಯಲ್ಲೇ, ದರಿದ್ರ ಮುಂಡೆ."

ಮಾಲೀಕ ನನ್ನ ಅತ್ತಿಗೆಯ ಮಣಿಕಟ್ಟು ಹಿಡಿದು, ಬ್ಯಾಂಡೇಜು ಸುತ್ತಿದ ಕೈಯನ್ನು ಮೇಲೆತ್ತಿದ್ದ. ಭಾನುವಾರ. ಫಿಶ್ ಸ್ಪಾದ ಉದ್ದನೆಯ ಗಾಜಿನ ತೊಟ್ಟಿಯ ಎರಡೂ ಬದಿಗೆ ಏಳೆಂಟು ಗಿರಾಕಿಗಳು, ಸತ್ತ ಚರ್ಮ ಕಚ್ಚಿ ತೆಗೆಯುವ ಪುಟ್ಟ ಮೀನುಗಳ ಬಾಯಿಗೆ ಪಾದ ಕೊಟ್ಟು ಕೂತಿದ್ದರು. ಅಷ್ಟು ಹೊತ್ತು ಕಚಗುಳಿಗೆ ಕಿಸಕ್ಕೆಂದು ನಗುತ್ತ ಫೋನಿನಲ್ಲಿ ತಮ್ಮ ಕಾಲಿನ ಚಿತ್ರ ತೆಗೆಯುತ್ತಿದ್ದವರು ಈಗ ಆ ಕೈಯನ್ನೇ ನೋಡತೊಡಗಿದರು. ಬಾಗಿಲ ಬಳಿ ಹೆಂಗಸೊಬ್ಬಳು ಕಾಲಿನ ಊದಿದ ಹೆಬ್ಬೆರಳು ತೋರಿಸುತ್ತ ನಿಂತಿದ್ದಳು. ಹೋದ ವಾರ ಇದೇ ತೊಟ್ಟಿಯಲ್ಲಿ ಕಾಲಿಟ್ಟಿದ್ದಳಂತೆ.

"ನೀರಲ್ಲಿ ಏನಿಲ್ಲ ಮೇಡಂ, ದಿನಾ ಬದಲಾಯಿಸ್ತೀವಿ. ಎಲ್ಲಾ ಇವಳ ಕೈಯಿಂದ. ಇಂಥವಕ್ಕೆ ಶುಚಿ ಅಂದ್ರೇನು ಅಂತ್ಲೇ ಗೊತ್ತಿಲ್ಲ."

ನಾನು ಗಿರಾಕಿಗಳ ಕಾಲೊರೆಸುವ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೀರು ಬದಲಾಯಿಸಿ ತಿಂಗಳಾಗಿತ್ತು. ಕೊಳೆ ಕಾಣದಿರಲೆಂದು ಮಾಲೀಕ ತಳಕ್ಕೆ ನೀಲಿ ದೀಪ ಹಾಕಿಸಿದ್ದ. ಪಾಚಿ ಉಜ್ಜುವಾಗ ತೊಟ್ಟಿಯ ಒಡೆದ ಅಂಚು ಅತ್ತಿಗೆಯ ನಡುಬೆರಳನ್ನು ಸೀಳಿತ್ತು. ಗ್ಲೌಸ್ ಕೇಳಿದ್ದಕ್ಕೆ, "ನೀನ್ ಗ್ಲೌಸ್ ಹಾಕ್ಕೊಂಡ್ರೆ ಗಿರಾಕಿಗಳು ನೀರಲ್ಲಿ ಏನೋ ಇದೆ ಅನ್ಕೋತಾರೆ" ಅಂದಿದ್ದ. ಹದಿನೆಂಟು ದಿನ ಬರಿಗೈಯಲ್ಲೇ ದುಡಿದಳು. ಬೆರಳು ಕಪ್ಪಾಯಿತು. ಮೊನ್ನೆ ಮಂಗಳವಾರ ಡಾಕ್ಟರು ಒಂದು ಗೆಣ್ಣು ಕತ್ತರಿಸಿ ತೆಗೆದರು. ಬರದಿದ್ದರೆ ಬೇರೆಯವರನ್ನು ನೋಡ್ಕೋತೀನಿ ಅಂತ ಮಾಲೀಕನ ಫೋನು ಬಂದಿದ್ದರಿಂದ ಗುರುವಾರವೇ ಕೆಲಸಕ್ಕೆ ಬಂದಿದ್ದಳು.

ಅತ್ತಿಗೆ ಕೈ ಬಿಡಿಸಿಕೊಂಡಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಆಯ್ತು ಸಾರ್, ತಪ್ಪು ನಂದೇ. ನೀರು ಚೆನ್ನಾಗಿದೆ ಅಂದ್ರಲ್ಲ, ಮೇಡಂ ಮುಂದೆ ನೀವೂ ಒಂದ್ಸಲ ಕಾಲಿಟ್ಬಿಡಿ. ಅಂಗಡಿ ತೆಗೆದು ಮೂರು ವರ್ಷ ಆಯ್ತು, ಒಂದಿನಾನೂ ಇಟ್ಟಿಲ್ಲ ನೀವು."

"ಬಾಯ್ ಮುಚ್ಚೇ, ಲೌಡಿ."

"ಇಡ್ರೀ, ನೋಡೋಣ," ಅಂದರು ಗಿರಾಕಿಗಳಲ್ಲಿದ್ದ ಒಬ್ಬ ಮುದುಕರು. ಅವರು ಆಗಲೇ ತಮ್ಮ ಕಾಲನ್ನು ಮೇಲೆತ್ತಿಕೊಂಡಿದ್ದರು. ಫೋನುಗಳು ಮಾಲೀಕನತ್ತ ತಿರುಗಿದವು.

ಮಾಲೀಕ ಹಲ್ಲು ಕಿಸಿದ. ತನಗೆ ಕಚಗುಳಿ ಜಾಸ್ತಿ ಅಂದ. ಯಾರೂ ನಗಲಿಲ್ಲ. ಕೊನೆಗೆ ಕುರ್ಚಿಯ ಅಂಚಿಗೆ ಕೂತ.

ದಿನಾ ಗಿರಾಕಿಗಳ ಮುಂದೆ ಕೂರುವಂತೆಯೇ ಅತ್ತಿಗೆ ಅವನ ಮುಂದೆ ಮಂಡಿಯೂರಿದಳು. ಬೂಟಿನ ದಾರ ಬಿಚ್ಚಿ ಕಾಲುಚೀಲ ಎಳೆದಳು. ಹಿಮ್ಮಡಿಯ ಮೇಲೆ ಹೊಸ ಬೂಟು ಕಚ್ಚಿದ ಹಸಿ ಗಾಯ. ಅದನ್ನು ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಬೇಡ ಕಣಮ್ಮಾ," ಎಂದು ಪಿಸುಗುಟ್ಟಿದ. ಮೂರು ವರ್ಷದಲ್ಲಿ ಮೊದಲ ಸಲ ಅವಳನ್ನು ಅಮ್ಮಾ ಅಂದಿದ್ದ.

"ಏನೂ ಆಗಲ್ಲ ಸಾರ್. ದಿನಾ ಬದಲಾಯಿಸೋ ನೀರು."

ಕಾಲನ್ನು ಹರಡಿನವರೆಗೂ ಇಳಿಸಿದಳು. ಚೆನ್ನಾಗಿ ಕಚ್ಚಲೆಂದು ಅವನೇ ಎರಡು ದಿನದಿಂದ ಉಪವಾಸ ಕೆಡವಿದ್ದ ಮೀನುಗಳು ಒಂದೇ ಸಲಕ್ಕೆ ಹಿಮ್ಮಡಿಗೆ ಮುತ್ತಿಕೊಂಡವು. ಅವನು ಕಾಲು ಜಗ್ಗಿದ. ಅತ್ತಿಗೆ ಬಿಡಲಿಲ್ಲ.

ನಾನು ಟವೆಲ್ ಕೆಳಗೆ ಹಾಕಿ, ಅವಳ ಪಕ್ಕದಲ್ಲಿ ಮಂಡಿಯೂರಿ, ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದೆ.